ಬಾಗಿನ ಯಾರು ತರುತ್ತಾರೆ?

ಹೋದ ತಿಂಗಳು ಇಸ್ತ್ರಿಗೆ ಕೊಟ್ಟಿದ್ದ ನನ್ನ ಕರಿಕೋಟು ವಾಪಸ್ಸು ಬಂದಾಗ ಇದ್ದಿಲ ವಾಸನೆ ಹೊತ್ತು ಬಂದಿತ್ತು. ಮಂಡ್ಯದಲ್ಲಿ ಈಗ ಎಲ್ಲ ಕರೆಂಟಿನ ಇಸ್ತ್ರಿಯೇ. ಅವತ್ತು ಕರೆಂಟು ಹೋಗಿ, ಇಸ್ತ್ರಿಯವನು ಹಳೆಯ ಇದ್ದಿಲ ಪೆಟ್ಟಿಗೆ ತೆಗೆದಿದ್ದನಂತೆ. ಕೋಟು ತೊಡುತ್ತಿದ್ದ ಹಾಗೇ ನನ್ನ ಸೀನಿಯರ್ ಪಕ್ಕದಲ್ಲಿ ಬಂದು ನಿಂತಂತಾಯಿತು. ಅವರ ಕೋಟಿಗೆ ಸದಾ ಇದೇ ವಾಸನೆ, ಜೊತೆಗೆ ಒಂದಿಷ್ಟು ನಶ್ಯ...

ಕಾನೂನು ಕಾಲೇಜು ಮುಗಿಸಿ, ಸನ್ನದು ಪಡೆದು, ಮದ್ದೂರಿನ ಅವರ ಆಫೀಸಿಗೆ ಸೇರಿದಾಗ ನನಗೆ ಜಂಬವೇನೂ ಕಡಿಮೆ ಇರಲಿಲ್ಲ. ಮಗಳಿಗೂ ಮಗನಷ್ಟೇ ಪಾಲು ಎಂಬುದನ್ನು ಕಲಮು ಸಮೇತ ಒಪ್ಪಿಸುತ್ತಿದ್ದೆ. ಅವರು ಪೂರ್ತಿ ಕೇಳಿ, "ಸರಿ ಕಣಮ್ಮ, ಈಗ ಆ ಬೆಂಚ್ ಮೇಲೆ ಕೂತ್ಕೊಂಡು ಬಂದೋರು ಏನಂತಾರೆ ಕೇಳು" ಅಂದರು. ಎಷ್ಟೋ ತಿಂಗಳು ಕೇಳುವುದೇ ನನ್ನ ವಕೀಲಿಕೆಯಾಯಿತು.

ಕೇಳುತ್ತ ಕೇಳುತ್ತ ಒಂದು ವಿಷಯಕ್ಕೆ ನನಗೆ ಸಿಟ್ಟು ಬರತೊಡಗಿತು. ತವರಿನ ಜಮೀನಿನಲ್ಲಿ ಪಾಲು ಕೇಳಲು ಯಾವ ಹೆಂಗಸು ಬಂದರೂ, ಪಹಣಿ ನೋಡುವ ಮೊದಲೇ ಸೀನಿಯರದು ಒಂದೇ ಪ್ರಶ್ನೆ. "ದಾವೆ ಆಕುದ್ಮೇಲೆ ಗೌರಿ ಅಬ್ಬಕ್ಕೆ ಬಾಗಿನ ಯಾರು ತತ್ತಾರೆ? ಅದ ಮೊದ್ಲು ಯೋಳವ್ವ."

ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಮೊರದ ಬಾಗಿನ ಹಿಡಿದು ಬಂದರೇನೇ ಹೆಣ್ಣಿಗೆ ತವರು ಇದೆ ಎಂದು ಲೆಕ್ಕ. ಪ್ರಶ್ನೆ ಕೇಳಿದ ಮೇಲೆ ಎಷ್ಟೋ ಜನ ಎದ್ದು ಹೋಗುತ್ತಿದ್ದರು.

ಮಳವಳ್ಳಿ ಕಡೆಗೆ ಕೊಟ್ಟಿದ್ದ ಒಬ್ಬಾಕೆಯೂ ಹಾಗೇ ಎದ್ದು ಹೋದಳು. ತವರು ವೈದ್ಯನಾಥಪುರದ ಆಚೆ. ಇವಳನ್ನು ಒಂದು ಮಾತೂ ಕೇಳದೆ ಅಣ್ಣಂದಿರು ಗದ್ದೆ ಮಾರಲು ಹೊರಟಿದ್ದರು. ನನಗೆ ತಡೆಯಲಾಗಲಿಲ್ಲ.

"ಹಕ್ಕು ಕೇಳೋಕೆ ಬಂದೋರನ್ನ ಹೀಗೆ ಹೆದರಿಸಿ ಕಳಿಸೋದಾ ಸರ್?" ಅಂದೆ.

"ಎದುರುಸ್ನಿಲ್ಲ ಕಣಮ್ಮ, ಕೇಳ್ದೆ ಅಷ್ಟೆ" ಅಂದು ನಶ್ಯ ಏರಿಸಿದರು.

ಮುಂದಿನ ವಾರ ಅವಳೇ ತಿರುಗಿ ಬಂದಳು. "ಯಾರೂ ತರಾಕಿಲ್ಲ ಸಾ. ಗೊತ್ತಾಯ್ತು. ಆಕಿ ದಾವೆಯ" ಅಂದಳು. ಅವರು ಕೂಡಲೇ ವಕಾಲತ್ತಿಗೆ ಸಹಿ ಹಾಕಿಸಿಕೊಂಡರು. ದಾವೆ ಬರೆಯುವ ಕೆಲಸ ನನಗೆ ಬಂತು. ನನ್ನ ಬದುಕಿನ ಮೊದಲ ದಾವೆ ಅದು. ಗದ್ದೆ ಮಾರದಂತೆ ತಡೆಯಾಜ್ಞೆಯೂ ಸಿಕ್ಕಿತು. ಅಣ್ಣಂದಿರು ಕೋರ್ಟಿನ ಅಂಗಳದಲ್ಲೇ ಅವಳಿಗೆ ಬೆನ್ನು ತಿರುಗಿಸಿ ನಡೆದರು.

ಆ ವರ್ಷ ಗೌರಿ ಹಬ್ಬದ ಬೆಳಿಗ್ಗೆ ಸೀನಿಯರ್ ನನ್ನನ್ನು ಮನೆಗೆ ಕರೆಸಿಕೊಂಡರು. ಕಾರಿನ ಹಿಂದಿನ ಸೀಟಿನ ತುಂಬ ಅರಿಶಿನ ಬಳಿದ ಮೊರಗಳು. ಎಲ್ಲ ಅವರ ಹೆಂಡತಿ ಕೂತು ಜೋಡಿಸಿದ್ದು. ದಾವೆ ಹಾಕಿ ತವರು ಕಳೆದುಕೊಂಡವರ ಮನೆಗಳಿಗೆ ಒಂದೊಂದಾಗಿ ಹೋದೆವು. ಅಷ್ಟು ದಿನ ಅವರು ಆ ಪ್ರಶ್ನೆ ಕೇಳುತ್ತಿದ್ದುದು ಎಷ್ಟು ಮೊರ ತರಬೇಕೆಂದು ತಿಳಿಯುವುದಕ್ಕೆ! ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಮಳವಳ್ಳಿ ಕಡೆಯ ಮನೆಯಲ್ಲಿ ಅವಳು ಕೈ ಚಾಚದೆ ಬಾಗಿಲಲ್ಲೇ ನಿಂತುಬಿಟ್ಟಳು.

"ಇಡ್ಕೊಳವ್ವ. ವಕಾಲತ್ತು ಆಕಿದ್ದೀನಲ್ಲ, ಇದೂ ಅದ್ರಲ್ಲೇ ಬತ್ತದೆ" ಅಂದರು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಅವಳಿಗೆ ಡಿಕ್ರಿ ಆಗುವ ಹೊತ್ತಿಗೆ ನಾನು ಮಂಡ್ಯದಲ್ಲಿ ಸ್ವಂತ ಆಫೀಸು ಮಾಡಿದ್ದೆ. ಗದ್ದೆಯ ಪಾಲು ಬಂತು, ಅಣ್ಣಂದಿರು ಬರಲಿಲ್ಲ. ಬಾಗಿನ ಮಾತ್ರ ಒಂದು ವರ್ಷವೂ ತಪ್ಪಲಿಲ್ಲವಂತೆ...

ಈ ಬೇಸಿಗೆಯಲ್ಲಿ ಸೀನಿಯರ್ ತೀರಿಕೊಂಡರು. ಇದ್ದಿಲ ವಾಸನೆಯ ಕೋಟು ತೊಟ್ಟ ದಿನವೇ ಪೇಟೆಗೆ ಹೋಗಿ ಮೊರ ಕೊಂಡೆ. ಹಬ್ಬದ ದಿನ ಅವಳ ಮನೆಗೆ ನಾನೊಬ್ಬಳೇ ಹೋದೆ.

ಸೆರಗೊಡ್ಡಿ ಬಾಗಿನ ತೆಗೆದುಕೊಂಡು ಗೌರಮ್ಮನ ಮುಂದಿಟ್ಟಳು. ಕಾಫಿ ಕೊಟ್ಟಳು. ಖಾಲಿ ಲೋಟ ತೆಗೆದುಕೊಳ್ಳುತ್ತ ಹೇಳಿದಳು.

"ನೀನು ಬಂದಿದ್ದು ಸಂತೋಸ ಕಣವ್ವ. ಆದ್ರೆ ಅಣ್ಣದೀರು ಬುಟ್ಟಾಗ್ಲೂ ನಂಗೆ ತವ್ರು ಓಗಿರ್ನಿಲ್ಲ. ಈ ವರ್ಸ ಓಯ್ತು."

ನನಗೂ ಹಾಗೇ ಆಗಿತ್ತು. ಅವಳಿಗೆ ಹೇಳಲಿಲ್ಲ.