ವ್ಯಾನಿನ ಹಿಂದೆ ಇಟ್ಟ ಸೊಪ್ಪು

ಅನುಶ್ರೀ ಸುನೀಲನನ್ನು ಮೊದಲ ಸಲ ಕಂಡದ್ದು ಲಾವೋಸ್ ದೇಶದ ಒಂದು ಸಣ್ಣ ಪೇಟೆಯಲ್ಲಿ, ಮೆಕಾಂಗ್ ನದಿಯ ದಂಡೆಯ ಮೇಲೆ. ಬಿಸಿಲು ಇಳಿಯುವ ಹೊತ್ತು. ಬಸ್ಸಿಳಿದು, ಬೆನ್ನಿಗೆ ಬ್ಯಾಗು ಹೊತ್ತು, ಮೊಬೈಲಿನ ನಕ್ಷೆ ನೋಡುತ್ತ ಅವಳು ಗೆಸ್ಟ್ ಹೌಸಿನ ಅಂಗಳಕ್ಕೆ ಕಾಲಿಟ್ಟಳು. ಅಲ್ಲೊಂದು ಬಿಳಿ ವ್ಯಾನು ಜಾಕಿನ ಮೇಲೆ ಒಂದು ಮಗ್ಗುಲೆತ್ತಿ ನಿಂತಿತ್ತು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ತೆಳ್ಳನೆಯ ಯುವಕ ಬೆರಳಿಗೆ ಉಗುಳು ಹಚ್ಚಿ ಚಕ್ರದ ವಾಲ್ವಿಗೆ ಒತ್ತಿದ, ಗುಳ್ಳೆ ಏಳುತ್ತದೋ ಎಂದು ಬಗ್ಗಿ ನೋಡಿದ. ಆಮೇಲೆ ನಟ್ಟು ಬಿಗಿಯತೊಡಗಿದ. ಒಂದು ನಟ್ಟು ಮಣಿಯಲಿಲ್ಲ. ಪಾನಾದ ಮೇಲೆ ಕಾಲಿಟ್ಟು ತುಳಿಯುತ್ತ, "ಬಾರಲೇ ಮಗನ, ಎಷ್ಟ್ ಸೊಕ್ಕು ನಿನಗ!" ಎಂದು ಬೈದ.

ವಾರದಿಂದ ಕನ್ನಡದ ಒಂದಕ್ಷರವೂ ಕಿವಿಗೆ ಬೀಳದ ಅನುಶ್ರೀಗೆ ಆ ಬೈಗುಳವೂ ಸಿಹಿಯಾಗಿ ಕೇಳಿಸಿತು.

"ಕನ್ನಡದವ್ರಾ?" ಎಂದು ಕೂಗಿಯೇಬಿಟ್ಟಳು.

ಅವನು ತಲೆಯೆತ್ತಿದ. ಪರದೇಶದಲ್ಲಿ ತನ್ನ ಮಾತು ಕೇಳಿದವನ ಮುಖ ಅರಳಬೇಕಿತ್ತು. ಇವನ ಮುಖ ಕಪ್ಪಿಟ್ಟಿತು. ಮೊದಲು ಗೆಸ್ಟ್ ಹೌಸಿನ ಬಾಗಿಲ ಕಡೆ ನೋಡಿದ, ಆಮೇಲೆ ಅವಳ ಕಡೆ.

"ಹೂಂ ರೀ," ಎಂದು ಮತ್ತೆ ನಟ್ಟಿಗೆ ಬಗ್ಗಿದ.

"ಯಾವೂರಾಯ್ತು?"

"ಕಿರವತ್ತಿ ರೀ. ಯಲ್ಲಾಪುರ ತಾಲೂಕ."

"ಅಯ್ಯ ದೇವ್ರೇ! ನಾನು ಸಿದ್ದಾಪುರ ತಾಲೂಕು ಮಾರಾಯ, ಹೇರೂರು. ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗ್ಬೇಕಾದ್ರೆ ನಿಮ್ಮೂರ ಧಾಬಾದಲ್ಲೇ ಬಸ್ ನಿಲ್ಸದು. ಹತ್ತೇ ನಿಮಿಷ ಅಂತ ಹೇಳಿ ಕಂಡಕ್ಟ್ರು ಒಂದು ತಾಸು ಉಣ್ತಾ ಕೂರ್ತಾರೆ."

ಅವನ ತುಟಿಯ ಒಂದು ಕೊನೆ ನಗಲು ಹೋಗಿ ಅಲ್ಲೇ ನಿಂತಿತು. ಅಷ್ಟರಲ್ಲಿ ಬಾಗಿಲ ಕಡೆಯಿಂದ ದೊಡ್ಡ ನಗೆ ಕೇಳಿಸಿತು.

"ಏನೋ ಸುನೀಲ, ನಮ್ಮ ಕಡೆಯ ಹೆಣ್ಣುಮಗಳನ್ನ ಬಿಸಿಲಲ್ಲಿ ನಿಲ್ಲಿಸಿ ಮಾತಾಡಿಸ್ತಾ ಇದ್ದೀಯ? ಬನ್ನಿ ತಂಗಿ, ಒಳಗೆ ಬನ್ನಿ. ಚಹಾ ಕುಡಿಯೋಣ."

ಇಸ್ತ್ರಿ ಅಂಗಿ ತೊಟ್ಟ, ನಲವತ್ತರ ಆಸುಪಾಸಿನ ಆ ಮನುಷ್ಯನ ಹೆಸರು ಉಲ್ಲಾಸ. ತಾಯಿಯ ತವರು ಸಿದ್ದಾಪುರದ ಹತ್ತಿರವೇ, ತಾನು ಬೆಳೆದದ್ದೆಲ್ಲ ಮುಂಬೈಯಲ್ಲಿ ಎಂದು ಹೇಳಿಕೊಂಡ. ಇಲ್ಲಿ ಒಂದು ಕಂಪನಿಯಲ್ಲಿ ಮ್ಯಾನೇಜರು, ಸುನೀಲ ತನ್ನ ಕೈಕೆಳಗಿನವನು ಎಂದ.

ಅನುಶ್ರೀ ಹೇರೂರಿನ ಹುಚ್ಚ ಮತ್ತು ತಿಮ್ಮಿ ದಂಪತಿಯ ಮಗಳು, ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಶಿರಸಿಯ ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಈ ಪ್ರವಾಸಕ್ಕೆ ಅವಳ ಜೊತೆ ಮೂವರು ಗೆಳತಿಯರು ಹೊರಡುವವರಿದ್ದರು. ಒಬ್ಬಳಿಗೆ ಮದುವೆ ಗೊತ್ತಾಯಿತು, ಒಬ್ಬಳಿಗೆ ರಜೆ ಸಿಗಲಿಲ್ಲ, ಮತ್ತೊಬ್ಬಳ ಅಣ್ಣ ಬಿಡಲಿಲ್ಲ. ಅನುಶ್ರೀ ಒಬ್ಬಳೇ ಹೊರಟಳು. ಮನೆಯಲ್ಲಿ ಮಾತ್ರ ಗೆಳತಿಯರ ಜೊತೆ ಎಂದೇ ಹೇಳಿದಳು. ಕಾಂಬೋಡಿಯದ ದೇವಸ್ಥಾನ ನೋಡಿದ್ದಾಗಿತ್ತು, ವಿಯೆಟ್ನಾಮಿನ ಪೇಟೆ ಸುತ್ತಿದ್ದಾಗಿತ್ತು. ಲಾವೋಸ್ ಮುಗಿಸಿ, ನದಿಯ ಸೇತುವೆ ದಾಟಿ ಥಾಯ್ಲೆಂಡಿಗೆ ಹೋದರೆ ಬ್ಯಾಂಕಾಕಿನಿಂದ ಮನೆಗೆ ವಿಮಾನ.

ನಮ್ಮ ಕಡೆಯವರದ್ದು ಒಂದು ದೌರ್ಬಲ್ಯ. ಹೊರಗೆಲ್ಲಾದರೂ ಊರ ಮಾತು ಕಿವಿಗೆ ಬಿತ್ತೆಂದರೆ ಸಾಕು, ಎದುರಿನವನು ಯಾರು ಏನು ಎಂದು ನೋಡದೆ ಮನೆ, ಮಠ, ಅಪ್ಪ, ಅಜ್ಜ ಎಲ್ಲವನ್ನೂ ಒಪ್ಪಿಸಿಬಿಡುತ್ತೇವೆ. ಅನುಶ್ರೀಯೂ ಚಹಾದ ಲೋಟ ಬರಿದಾಗುವುದರೊಳಗೆ ಎಲ್ಲ ಹೇಳಿದ್ದಳು. ಕಂಪ್ಯೂಟರ್ ಚೆನ್ನಾಗಿ ಬರುತ್ತದೆ, ಹಿಂದಿ ಇಂಗ್ಲಿಷ್ ಎರಡೂ ತಿಳಿಯುತ್ತದೆ, ಫೋನಿನಲ್ಲಿ ಗಿರಾಕಿಗಳ ಜೊತೆ ಮಾತಾಡುವುದೇ ತನ್ನ ಕೆಲಸ. ಕೊನೆಗೆ ತಾಯಿಗೂ ಹೇಳದ ಮಾತನ್ನು ಅವನಿಗೆ ಹೇಳಿದಳು.

"ಹಾಗಾದ್ರೆ ನೀವು ಒಬ್ಬರೇ ಇರೋದು ಮನೇಲಿ ಯಾರಿಗೂ ಗೊತ್ತಿಲ್ಲ?" ಉಲ್ಲಾಸ ಕೇಳಿದ.

"ಗೊತ್ತಾದ್ರೆ ಆಯಿ ನನ್ನ ಕಾಲು ಮುರೀತಾಳೆ," ಎಂದು ನಕ್ಕಳು.

"ಗಟ್ಟಿಗಿತ್ತಿ. ನಾಳೆ ನಮ್ಮ ವ್ಯಾನು ಸೇತುವೆ ಕಡೆಗೇ ಹೋಗುತ್ತೆ. ನಮ್ಮವರು ಇರುವಾಗ ಆಟೋಗೆ ಯಾಕೆ ದುಡ್ಡು?"

ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಸುನೀಲನನ್ನು ಅವಳು ಮಾತಿಗೆಳೆದಳು. "ನಿಂಗೆ ಇಲ್ಲಿ ಎಂತ ಕೆಲಸ?"

"ಕಂಪ್ಯೂಟರ್ ಕೆಲಸ," ಎಂದು ಉತ್ತರ ಕೊಟ್ಟವನು ಉಲ್ಲಾಸ.

"ಕಂಪ್ಯೂಟರಿನವ ಪಂಕ್ಚರ್ ಹಾಕ್ತಾನಾ?"

"ನಮ್ಮಲ್ಲಿ ಎಲ್ಲರೂ ಎಲ್ಲ ಮಾಡ್ತೀವಿ, ತಂಗಿ," ಎಂದು ಉಲ್ಲಾಸ ನಕ್ಕ. ಸುನೀಲ ನಗಲಿಲ್ಲ.

ಬೆಳಿಗ್ಗೆ ಅವಳು ತಯಾರಾಗಿ ಬರುವಾಗ ವ್ಯಾನಿನ ಎಂಜಿನ್ ಚಾಲೂ ಇತ್ತು. ಚಾಲಕ ಸ್ಟೀರಿಂಗ್ ಹಿಡಿದಿದ್ದ, ಪಕ್ಕದ ಸೀಟಿನಲ್ಲಿ ಉಲ್ಲಾಸ ಫೋನಿನಲ್ಲಿ ಯಾರೊಡನೆಯೋ ಹಿಂದಿಯಲ್ಲಿ ಮಾತಾಡುತ್ತಿದ್ದ. ಸುನೀಲ ಅವಳ ಬ್ಯಾಗನ್ನು ಎತ್ತಿ ಹಿಂದಿನ ಬಾಗಿಲಿನಿಂದ ಒಳಗಿಟ್ಟ. ಕಿಟಕಿಯಿಂದ ಉಲ್ಲಾಸನ ಕೈ ಹೊರಗೆ ಚಾಚಿತು.

"ಪಾಸ್‌ಪೋರ್ಟ್ ಕೊಡಿ ತಂಗಿ. ಸೇತುವೆ ಹತ್ತಿರ ನಮ್ಮ ಜನ ಇದ್ದಾರೆ, ಸಾಲಲ್ಲಿ ನಿಲ್ಲೋದು ಬೇಡ."

ಅನುಶ್ರೀಯ ಕೈ ಸೊಂಟದ ಚೀಲಕ್ಕೆ ಹೋಯಿತು. ಹೋದದ್ದು ಅಲ್ಲಿಯೇ ನಿಂತಿತು. ಅವಳ ಕಣ್ಣು ನೆಲದ ಮೇಲಿತ್ತು.

ವ್ಯಾನಿನ ಹಿಂದೆ, ಮಣ್ಣಿನ ಅಂಗಳದಲ್ಲಿ, ಯಾರೋ ಹಸಿ ಟೊಂಗೆಗಳನ್ನು ಮುರಿದು ಅಡ್ಡಕ್ಕೆ ಸಾಲಾಗಿ ಹಾಕಿದ್ದರು. ಎಲೆ ಇನ್ನೂ ಬಾಡಿರಲಿಲ್ಲ. ಟೊಂಗೆ ಸರಿಯದಂತೆ ಮೇಲೊಂದೊಂದು ಕಲ್ಲು.

ಯಲ್ಲಾಪುರದ ಕೆಳಗಿನ ಅರಬೈಲ್ ಘಟ್ಟದಲ್ಲಿ ಓಡಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಿರುವಿನಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಮೊದಲು ಇಳಿದು ಪಕ್ಕದ ಕಾಡಿನ ಸೊಪ್ಪು ಮುರಿದು ಲಾರಿಯ ಹಿಂದೆ ರಸ್ತೆಗೆ ಹಾಕುತ್ತಾನೆ. ಮುಂದೆ ಅಪಾಯವಿದೆ, ಹತ್ತಿರ ಬರಬೇಡ ಎಂದು ಹಿಂದೆ ಬರುವವನಿಗೆ ಅದು ಹೇಳುತ್ತದೆ. ಆದರೆ ಈ ವ್ಯಾನು ಕೆಟ್ಟಿರಲಿಲ್ಲ. ಇದು ರಸ್ತೆಯೂ ಅಲ್ಲ. ವ್ಯಾನಿನ ಹಿಂದಿನಿಂದ ಬರುವವಳು ಅವಳೊಬ್ಬಳೇ.

ಸುನೀಲ ಅವಳನ್ನು ನೋಡಲಿಲ್ಲ. ಕಾಲಿನಿಂದ ಒಂದು ಕಲ್ಲನ್ನು ಇನ್ನಷ್ಟು ಒತ್ತಿ ಕೂರಿಸಿದ, ಅಷ್ಟೇ.

ಅನುಶ್ರೀ ಕಿಟಕಿಯಿಂದ ಚಾಚಿದ ಕೈಯನ್ನೂ ನೆಲದ ಸೊಪ್ಪನ್ನೂ ನೋಡಿದಳು. ನಗುತ್ತ ಮಾತಾಡುವವನನ್ನು ನಂಬಬೇಕೋ, ಮಾತೇ ಆಡದವನನ್ನು ನಂಬಬೇಕೋ?

"ಅಯ್ಯೋ, ಪಾಸ್‌ಪೋರ್ಟು ದಿಂಬಿನ ಅಡಿಗೇ ಬಿಟ್ಟೆ," ಎಂದಳು. "ಬಂದೆ, ತರ್ತೆ."

"ಬೇಗ," ಎಂದ ಉಲ್ಲಾಸ. ಅವಳ ಬ್ಯಾಗು ವ್ಯಾನಿನೊಳಗಿತ್ತು, ಹಾಗಾಗಿ ಅವನಿಗೆ ಅನುಮಾನ ಬರಲಿಲ್ಲ.

ಅವಳು ಕೋಣೆಯ ಕಡೆ ತಿರುಗದೆ ನೇರ ಅಡುಗೆಮನೆಗೆ ನುಗ್ಗಿದಳು. ಅಕ್ಕಿ ತೊಳೆಯುತ್ತಿದ್ದ ಮನೆಯೊಡತಿ ಮುದುಕಿ ಅವಳ ಮುಖ ನೋಡಿದಳು, ಕಿಟಕಿಯಿಂದ ಬಿಳಿ ವ್ಯಾನನ್ನು ನೋಡಿದಳು. ಅನುಶ್ರೀ ಕೈಮುಗಿದು, "ಬಸ್, ವಿಯೆಂಟಿಯಾನ್," ಎಂದಳು. ವಿಯೆಂಟಿಯಾನ್ ಆ ದೇಶದ ರಾಜಧಾನಿ, ಭಾರತದ ರಾಯಭಾರ ಕಚೇರಿ ಇರುವ ಊರು. ಮುದುಕಿ ಅಕ್ಕಿಯ ಬೋಗುಣಿ ಕೆಳಗಿಟ್ಟು ಹಿತ್ತಲ ಬಾಗಿಲು ತೆರೆದಳು. ಅಲ್ಲಿ ಅವಳ ಗಂಡ ತನ್ನ ಮೂರು ಚಕ್ರದ ಗಾಡಿಯಲ್ಲಿ ಕೂತಿದ್ದ.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಸುನೀಲ.

"ಕರ್ಕೊಂಡ್ ಬಾ ಅಂತ ಕಳ್ಸ್ಯಾನ್ರಿ," ಅವನು ಪಿಸುಗುಟ್ಟಿದ. "ಬರಬ್ಯಾಡ್ರಿ ಅಕ್ಕಾರ. ಅದು ಸೇತುವಿಗೆ ಹೋಗೂದಿಲ್ಲ. ಕನ್ನಡದಾಗ ಫೋನ್ ಮಾಡಿ ನಮ್ಮ ಮಂದೀಗೆ ಟೊಪ್ಪಿಗಿ ಹಾಕಾಕ ಅವ್ರಿಗೆ ಹೆಣ್ಮಗಳ ದನಿ ಬೇಕಾಗೇತಿ. ಅವ್ರ ಕಂಪೌಂಡ್ ಒಳಗ ಹೋದ್ರ ಮತ್ತ ಗೇಟ್ ತಗಿಯೂದಿಲ್ಲ."

"ಸೊಪ್ಪು ಇಟ್ಟಿದ್ದು ನೀನಾ?"

"ಅಪ್ಪ ಕಲಿಸಿದ್ದ್ರಿ. ಮೊದ್ಲ ಸೊಪ್ಪು ಹಾಕು, ಆಮ್ಯಾಲ ಜಾಕ್ ಹಚ್ಚು ಅಂತಿದ್ದ. ನಿಮಗ ತಿಳೀತೈತೋ ಇಲ್ಲೋ ಅಂತ ಜೀವ ಬಾಯಿಗೆ ಬಂದಿತ್ತು."

"ನೀನೂ ಬಾ, ಹತ್ತು."

ಅವನು ಗೋಡೆಗೆ ಆತುಕೊಂಡ. "ನನ್ನ ಪಾಸ್‌ಪೋರ್ಟ್ ಅವ್ರ ಕಡೆ ಐತ್ರಿ. ಅದಿಲ್ಲದ ಎಲ್ಲಿಗೆ ಹೋಗ್ಲಿ? ಹೋದ ತಿಂಗಳ ಓಡಿ ಹೋದಾವನ್ನ ಹಿಡ್ಕೊಂಡ್ ಬಂದು ಏನ್ ಮಾಡಿದ್ರು ಅಂತ ನಾ ಕಣ್ಣಾರೆ ನೋಡೇನಿ."

"ನಮ್ಮ ಸೊಸೈಟಿಲಿ ಪಾಸ್‌ಬುಕ್ ಕಳೆದ್ರೆ ನಾವು ಇನ್ನೊಂದು ಕೊಡ್ತೇವೆ ಮಾರಾಯ. ಇದನ್ನೂ ಕೊಡ್ತಾರೆ. ನಿಮ್ಮಪ್ಪನಿಗೆ ಇನ್ನೊಬ್ಬ ಸುನೀಲನ್ನ ಯಾರು ಕೊಡ್ತಾರೆ?"

ಹೊರಗೆ ವ್ಯಾನಿನ ಹಾರ್ನ್ ಕೂಗಿತು. ಮತ್ತೊಮ್ಮೆ ಕೂಗಿತು, ಉದ್ದಕ್ಕೆ. ಸುನೀಲ ಒಂದು ಸಲ ಬಾಗಿಲ ಕಡೆ ನೋಡಿದ. ಆಮೇಲೆ ಜೇಬಿನಿಂದ ಅವರು ಕೊಟ್ಟ ಫೋನ್ ತೆಗೆದು ಅಕ್ಕಿಯ ನೀರಿನಲ್ಲಿ ಮುಳುಗಿಸಿ ಗಾಡಿ ಹತ್ತಿದ.

ಬಸ್ ನಿಲ್ದಾಣಕ್ಕೆ ಬಂದರೆ ವಿಯೆಂಟಿಯಾನಿನ ಬಸ್ಸು ನಿಂತಿತ್ತು, ಹೊರಡುವ ಲಕ್ಷಣವಿರಲಿಲ್ಲ. ಛಾವಣಿಗೆ ಮೂಟೆ ಏರಿಸುತ್ತಿದ್ದರು. ಅನುಶ್ರೀ ಇಬ್ಬರಿಗೂ ಟಿಕೆಟ್ ಮಾಡಿಸಿ ಒಳಗೆ ಹೋಗಿ, ಸೀಟಿನ ಕೆಳಗೆ ಚಪ್ಪಲಿ ಹುಡುಕುವವಳಂತೆ ಬಗ್ಗಿ ಕೂತಳು. ಸುನೀಲ ಮೆಟ್ಟಿಲ ಮೇಲೆ ಕಾಲಿಟ್ಟವನು ತಟ್ಟನೆ ಇಳಿದ. ನಿಲ್ದಾಣದ ಬಾಯಲ್ಲಿ ಬಿಳಿ ವ್ಯಾನು ಕಾಣಿಸಿತ್ತು.

ಕಿಟಕಿಯ ಪರದೆಯ ಸಂದಿನಿಂದ ಅನುಶ್ರೀ ನೋಡುತ್ತಿದ್ದಳು. ಬಸ್ಸಿನ ಕ್ಲೀನರ್ ಒಂದು ಕಬ್ಬಿಣದ ಸರಳಿನಿಂದ ಟಯರು ಬಡಿದು ಗಾಳಿ ನೋಡುತ್ತಿದ್ದ. ಸುನೀಲ ಅವನ ಬಳಿ ಹೋಗಿ ಕೈಸನ್ನೆಯಲ್ಲಿ ಏನೋ ಕೇಳಿ ಸರಳನ್ನು ಇಸಿದುಕೊಂಡ. ಬಸ್ಸಿನಡಿಯ ಎಣ್ಣೆಮಸಿ ಕೆನ್ನೆಗೆ ಬಳಿದುಕೊಂಡು, ಹಿಂದಿನ ಚಕ್ರದ ಮುಂದೆ ಕೂತು ಬಡಿಯತೊಡಗಿದ. ಟಣ್, ಟಣ್. ಒಂದು ಟಯರಿಗೆ ಕಿವಿ ಕೊಟ್ಟು ಕೇಳಿದ. ಉಲ್ಲಾಸ ವ್ಯಾನಿನಿಂದಿಳಿದು ಬಸ್ಸಿನ ಉದ್ದಕ್ಕೂ ನಡೆದು ಬಂದ. ಕಿಟಕಿ ಕಿಟಕಿಯನ್ನೂ ನೋಡಿದ. ಚಕ್ರ ಬಡಿಯುವವನನ್ನು ದಾಟಿಕೊಂಡು, ಅವನ ಬೆನ್ನಿಗೆ ಅಂಗಿ ತಾಗುವಷ್ಟು ಹತ್ತಿರದಿಂದ ಹೋದ. ಟಣ್ ಟಣ್ ನಿಲ್ಲಲಿಲ್ಲ. ಅನುಶ್ರೀ ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದಳು.

ಉಲ್ಲಾಸ ಬಸ್ಸಿನ ಮೆಟ್ಟಿಲ ಬಳಿ ನಿಂತು ಫೋನ್ ಕಿವಿಗಿಟ್ಟ. ಚಾಲಕ ಅವನನ್ನು ಸರಿಯುವಂತೆ ಗದರಿಸಿ ಬಸ್ಸು ಶುರು ಮಾಡಿದ. ಉರುಳತೊಡಗಿದ ಬಸ್ಸಿನ ಹಿಂಬಾಗಿಲಿಗೆ ಸುನೀಲ ಓಡಿ ಬಂದು ಜೋತುಬಿದ್ದ, ಕ್ಲೀನರ್ ಅವನನ್ನು ಒಳಗೆಳೆದುಕೊಂಡ.

ಹಿಂದೆ ಬಿಳಿ ಗಾಡಿ ಕಂಡಾಗಲೆಲ್ಲ ಸುನೀಲ ತಲೆ ತಗ್ಗಿಸುತ್ತಿದ್ದ. ಬೆಟ್ಟದ ದಾರಿ ಶುರುವಾದ ಮೇಲೆ ಮೆಲ್ಲಗೆ, "ನಿಮ್ಮ ಬ್ಯಾಗ್ ಅಲ್ಲೇ ಉಳೀತಲ್ರೀ ಅಕ್ಕಾರ. ಏನ್ ತುಂಬಿದ್ರಿ ಅದ್ರಾಗ? ಎತ್ತೂದ್ರಾಗ ನಡಾ ಹೋತು," ಎಂದ.

"ಅರ್ಧಕ್ಕರ್ಧ ಅವಲಕ್ಕಿ. ಉಲ್ಲಾಸ ತಿನ್ಲಿ."

ಅವನು ನಕ್ಕ. ನಗುತ್ತಲೇ ಅಳತೊಡಗಿದ. ಹುಬ್ಬಳ್ಳಿಯ ಏಜೆಂಟನೊಬ್ಬ ಬ್ಯಾಂಕಾಕಿನಲ್ಲಿ ಕೆಲಸವೆಂದು ಹೇಳಿ ಕಳಿಸಿದ್ದ. ಅಲ್ಲಿಂದ ಕಾರಿನಲ್ಲಿ ಉತ್ತರಕ್ಕೆ ಕರೆತಂದು, ದೋಣಿಯಲ್ಲಿ ನದಿ ದಾಟಿಸಿ, ಪಾಸ್‌ಪೋರ್ಟ್ ಕಸಿದುಕೊಂಡರು. ಹೆಣ್ಣಿನ ಹೆಸರಿನಲ್ಲಿ ಊರಿನ ಜನರಿಗೆ ಮೆಸೇಜು ಬರೆದು, ನಂಬಿಸಿ, ಹಣ ಹಾಕಿಸುವುದೇ ಕೆಲಸ. ಮನೆಗೆ ಫೋನ್ ಮಾಡುವಾಗ ಅವರವನೊಬ್ಬ ಪಕ್ಕದಲ್ಲೇ ಕೂರುತ್ತಿದ್ದ. ವ್ಯಾನಿನ ರಿಪೇರಿ ಗೊತ್ತಿದ್ದ ಕಾರಣ ಆಗಾಗ ಹೊರಗೆ ಬರಲು ಸಿಗುತ್ತಿತ್ತು.

"ಹಾವೇರಿ ಕಡೀ ಒಬ್ರು ರಿಟೈರ್ ಮಾಸ್ತರು ನನ್ನ ಮಾತು ನಂಬಿ ಇದ್ದಬದ್ದದ್ದೆಲ್ಲಾ ಹಾಕಿದ್ರು," ಎಂದ. "ಅವ್ರ ಹೆಸರು ನನಗ ಗೊತ್ತೈತ್ರಿ."

"ಅದನ್ನೂ ಹೇಳು. ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳು," ಎಂದಳು ಅನುಶ್ರೀ.

ಮರುದಿನ ವಿಯೆಂಟಿಯಾನಿನಲ್ಲಿ ಸುನೀಲ ರಾಯಭಾರ ಕಚೇರಿಯ ಮೇಜಿನೆದುರು ಕೂತು ಎಲ್ಲವನ್ನೂ ಹೇಳಿದ, ಮಾಸ್ತರರ ಹೆಸರನ್ನೂ. ಅವನಿಗೆ ಊರಿಗೆ ಮರಳುವ ಕಾಗದಪತ್ರ ಆಗಲು ಕೆಲವು ವಾರ ಬೇಕಿತ್ತು. ಅನುಶ್ರೀಯ ರಜೆ ಮುಗಿಯುತ್ತಿತ್ತು. ಅವಳು ತನ್ನ ಫೋನಿನಿಂದ ಕಿರವತ್ತಿಗೆ ಕರೆ ಮಾಡಿ ಅವನ ಕೈಗೆ ಕೊಟ್ಟಳು. ಅವನ ತಂದೆ ಮಾದೇವ ಆ ಕಡೆಯಿಂದ, "ಪಕ್ಕದಾಗ ಯಾರರ ಅದಾರೇನೋ?" ಎಂದು ಕೇಳಿದ. ತಂದೆಗೆ ಮೊದಲಿನಿಂದಲೂ ಅನುಮಾನವಿತ್ತು ಎಂದು ಸುನೀಲನಿಗೆ ತಿಳಿದದ್ದೇ ಆವಾಗ.

"ಅಕ್ಕ ಅದಾರಪ್ಪ," ಎಂದ.

ಅನುಶ್ರೀ ಅಲ್ಲಿಂದಲೇ ಗಡಿ ದಾಟಿ, ಬ್ಯಾಂಕಾಕಿನಲ್ಲಿ ಏನನ್ನೂ ನೋಡದೆ, ಬರಿಗೈಯಲ್ಲಿ ವಿಮಾನ ಹತ್ತಿದಳು. ಹೇರೂರಿಗೆ ಬಂದ ದಿನವೇ ತಾಯಿಗೆ ನಿಜ ಹೇಳಿದಳು. ತಿಮ್ಮಿ, "ಒಬ್ಳೇ ಹೋದದ್ದು ಬೇರೆ. ಒಬ್ಳೇ ಇದ್ದೆ ಅಂತ ಕಂಡಕಂಡವಂಗೆ ಹೇಳಿದ್ಯಲ್ಲೇ, ಬುದ್ಧಿ ಎಲ್ಲಿಟ್ಟಿದ್ದೆ?" ಎಂದಳು. ಕಾಲೇನೂ ಮುರಿಯಲಿಲ್ಲ.

ಸುನೀಲ ತಿಂಗಳ ಮೇಲೆ ಊರು ಸೇರಿದ. ಪೊಲೀಸರಿಗೆ ಹೇಳಿಕೆ ಕೊಡಲು ಹಲವು ಸಲ ಓಡಾಡಿದ. ಉಲ್ಲಾಸ ಸಿಗಲಿಲ್ಲ. ಹಾವೇರಿಯ ಮಾಸ್ತರರ ಮನೆಗೆ ಸುನೀಲ ತಂದೆಯ ಜೊತೆ ಹೋಗಿಬಂದನೆಂದು ಅನುಶ್ರೀಗೆ ಗೊತ್ತು. ಅಲ್ಲಿ ಏನಾಯಿತೆಂದು ಅವನು ಹೇಳಿಲ್ಲ, ಅವಳು ಕೇಳಿಲ್ಲ.

ಸುನೀಲ ಈಗ ಕಿರವತ್ತಿಯ ಹೆದ್ದಾರಿ ಬದಿಯಲ್ಲಿ ತಂದೆಯ ಜೊತೆ ಪಂಕ್ಚರ್ ಅಂಗಡಿ ನಡೆಸುತ್ತಾನೆ. ಘಟ್ಟದಲ್ಲಿ ಗಾಡಿ ಕೆಟ್ಟಿದೆಯೆಂದು ಫೋನ್ ಬಂದರೆ ಬೈಕಿನ ಹಿಂದೆ ಜಾಕು ಕಟ್ಟಿಕೊಂಡು ಹೋಗುತ್ತಾನೆ. ಮೊದಲು ಸೊಪ್ಪು ಹಾಕಿ, ಆಮೇಲೆ ಜಾಕು ಹಚ್ಚುತ್ತಾನೆ.