ಹೊಳಪಿಗೆ ಕೊಟ್ಟ ಪಿಸ್ತೂಲು

ನನ್ನ ಹೆಂಡತಿಯ ತಮ್ಮನಿಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿತ್ತು. ಸಾಂಬಾರಿಗೆ ನೀರು ಬೆರೆಸುವುದರಲ್ಲಿ ಅವನದು ಎತ್ತಿದ ಕೈ. ಸುಳ್ಳಿಗೆ ಉಪ್ಪುಖಾರ ಹಚ್ಚುವುದರಲ್ಲಿ ಅದಕ್ಕಿಂತಲೂ ಒಂದು ಕೈ ಮೇಲೆ. ಗಲ್ಲಾದ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಅವನ ಅಪ್ಪನ ಹಿತ್ತಾಳೆಯ ಪಿಸ್ತೂಲು ಇಟ್ಟಿದ್ದ. ಅಪ್ಪ ಮಹಾಯುದ್ಧದಲ್ಲಿ ಅದರಿಂದಲೇ ಜಪಾನೀಯರನ್ನು ಹೊಡೆದುರುಳಿಸಿದರೆಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ನನ್ನ ಮದುವೆಯಾದಾಗ ಮೂವರಿದ್ದ ಜಪಾನೀಯರು ನಾನು ಈಗ ಹೇಳುವ ಘಟನೆಯ ಹೊತ್ತಿಗೆ ಹನ್ನೊಂದು ಮಂದಿಯಾಗಿದ್ದರು.

ಇಂಥ ಮೂರ್ಖತನ ಸಹಿಸುವ ಸ್ವಭಾವ ನನ್ನದಲ್ಲ. ಠಾಣೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮಾಲು ಪರೀಕ್ಷೆ ಮಾಡಿದವನು ನಾನು. ಕೈಯಲ್ಲಿ ಭೂತಗನ್ನಡಿ ಹಿಡಿದು, ನಂಬರು ಕೊರೆಯದ ಒಂದು ತುಂಡನ್ನೂ ಮುಂದಕ್ಕೆ ಬಿಟ್ಟವನಲ್ಲ. ಆ ಪಿಸ್ತೂಲಿನ ಬಾಯೊಳಗೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ಅದರಲ್ಲಿ ಎಂಥ ಗುಂಡು ಹಾಕುತ್ತಾರೆ, ಬೋಂಡವೋ ಎಂದು ಕೇಳಿದ್ದೆ. ಮಾವ ಬದುಕಿದ್ದಾಗ ಜಪಾನೀಯರ ಸುದ್ದಿಯನ್ನೇ ಎತ್ತಿದವರಲ್ಲ. ಬರ್ಮಾದ ಕಾಡಿನಲ್ಲಿದ್ದೆ, ಬೆಳಕು ತೋರಿಸುತ್ತಿದ್ದೆ ಎಂದಷ್ಟೇ ಹೇಳುತ್ತಿದ್ದರು. ಲಾಟೀನು ಹಿಡಿದು ನಿಲ್ಲುತ್ತಿದ್ದರೇನೋ ಎಂದು ನಾನು ಅವರ ಬೆನ್ನ ಹಿಂದೆ ನಕ್ಕದ್ದೂ ಉಂಟು.

ಮಾವ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ, ಡೊಂಬಿವಲಿಯ ನಮ್ಮ ಊರ ಕಡೆಯವರ ಸಂಘ ಸ್ಮರಣ ಸಂಚಿಕೆ ತರಲು ಹೊರಟಿತು. ಅದರಲ್ಲಿ ಸೈನ್ಯದಲ್ಲಿದ್ದವರಿಗೆಂದೇ ಒಂದು ಪುಟ. ಅತ್ತೆ ತಮ್ಮ ಗಂಡನ ಫೋಟೋ ಹಿಡಿದುಕೊಂಡು ಹೋದರೆ, ಕುರ್ಚಿ ಬಿಟ್ಟು ಏಳುವ ಸೌಜನ್ಯವೂ ಇಲ್ಲದ ಕಾರ್ಯದರ್ಶಿ, "ದಾಖಲೆ ಎಂತ ಉಂಟು? ಅವರು ಮಿಲಿಟರಿ ಕ್ಯಾಂಟೀನಲ್ಲಿ ಅಡಿಗೆಗೆ ಇದ್ದದ್ದಂತಲ್ಲ?" ಎಂದನಂತೆ. ದಾಖಲೆಯ ಕಾಗದಗಳು ಎರಡು ಸಾವಿರದ ಐದರ ಮಳೆಯಲ್ಲಿ ಮನೆಗೆ ನುಗ್ಗಿದ ನೀರಿನ ಪಾಲಾಗಿದ್ದವು. ಎಂಬತ್ತು ದಾಟಿದ ಅತ್ತೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಗಂಡನ ಹೆಸರು ಆ ಪುಟದಲ್ಲಿ ಬರಬೇಕು, ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅವರ ಮಗ, ನನ್ನ ಮೈದುನನ ಚಿಂತೆ ಬೇರೆಯೇ ಇತ್ತು. ಯುದ್ಧಕಾಲದ ಪಿಸ್ತೂಲುಗಳಿಗೆ ಲಕ್ಷಗಟ್ಟಲೆ ಬೆಲೆಯೆಂದು ಇಂಟರ್ನೆಟ್ಟಿನಲ್ಲಿ ನೋಡಿದ್ದ. ಘಣಸೋಲಿಯಲ್ಲಿ ಧಾರವಾಡ ಕಡೆಯವರೊಬ್ಬರಿದ್ದರು. ಸೈನ್ಯದ ಆಯುಧ ಉಗ್ರಾಣದಲ್ಲಿದ್ದು ನಿವೃತ್ತರಾದವರು, ಹಳೆಯ ಪದಕ, ಬಿಲ್ಲೆ, ಬಂದೂಕುಗಳ ಜಾತಕ ಬಲ್ಲವರು. ಅತ್ತೆ, ಮೈದುನ, ನಾನು ಮೂವರೂ ಅವರ ಮನೆಗೆ ಹೊರಟೆವು. ಆಸ್ಪತ್ರೆಗೂ ಅಮ್ಮನನ್ನು ರಿಕ್ಷಾದಲ್ಲೇ ಸಾಗಿಸುವ ಮಗ ಅಂದು ಎಸಿ ಟ್ಯಾಕ್ಸಿ ಮಾಡಿದ, ಪಿಸ್ತೂಲಿಗಾಗಿ. ಮುಂಬ್ರಾದ ಗುಡ್ಡ ದಾಟುವವರೆಗೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆ ಹಿರಿಯರು ಪಿಸ್ತೂಲನ್ನು ಕೈಗೆ ತೆಗೆದುಕೊಂಡು ನಡುವೆ ಮಡಚಿ ತೆರೆದರು, ಬಾಯಿ ಅಳೆದರು.

"ಇದು ಗುಂಡ್ ಹೊಡಿಯೂದಲ್ಲರಿ. ಬೆಳಕಿನ ಪಿಸ್ತೂಲು. ಆಕಾಶಕ್ಕ ಹೊಡದ್ರ ಕೆಂಪು, ಹಸರು ಬೆಳಕು ಆಕ್ಕೈತಿ. ದಾರಿ ತಪ್ಪಿದ ತುಕಡಿಗೆ ನಾವು ಇಲ್ಲಿ ಅದೀವಿ ಅಂತ ತೋರ್ಸಾಕ. ಇದನ್ನ ಅಡಗಿ ಮಾಡೋರ ಕೈಯಾಗ ಕೊಡಂಗಿಲ್ಲ."

ಹನ್ನೊಂದು ಜಪಾನೀಯರೂ ಒಂದೇ ಮಾತಿಗೆ ಬದುಕಿ ಎದ್ದು ಹೋದರು. ಮೈದುನನ ಮುಖ ನೋಡಿ ನನಗೆ ಹಬ್ಬವಾಯಿತು. ಅತ್ತೆ ಮಾತ್ರ, "ಬೆಳಕು ಅಂತಲೇ ಹೇಳ್ತಿದ್ದದ್ದು ಅವರು" ಎಂದು ಕಣ್ಣೊರೆಸಿಕೊಂಡರು.

ಹಿರಿಯರು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಗುರುತು ಎಲ್ಲಿ ಅದಾವ್ರಿ? ಬ್ರಿಟಿಷ್ ಸರಕಾರದ ಬಾಣದ ಮುದ್ರಿ, ಇಸ್ವಿ, ನಂಬರು? ಗುರುತಿದ್ರ ಬೆಲಿ. ಇಲ್ಲಂದ್ರ ಬರೇ ಹಿತ್ತಾಳಿ, ತೂಕಕ್ಕ ಹಾಕೂದು."

"ಬೆರಳಿಟ್ಟು ಎಳೆಯುವ ಕುದುರೆಯ ಹತ್ರ ಅವರು ಮೊಳೆಯಲ್ಲಿ ತಮ್ಮ ಮಿಲಿಟರಿ ನಂಬ್ರ ಗೀಚಿದ್ದರು. ನಾನು ಕಂಡಿದ್ದೇನೆ. ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ ಅಷ್ಟೆ" ಎಂದರು ಅತ್ತೆ.

"ಆ ನಂಬರೊಂದು ಸಿಕ್ರ ಸಾಕ್ರಿ ತಾಯಿ, ಮಿಲಿಟ್ರಿ ದಫ್ತರಕ್ಕ ಬರದು ಹೆಸರು ತರಸ್ತೇನಿ." ಅವರು ಭೂತಗನ್ನಡಿ ತಂದು ಮತ್ತೆ ನೋಡಿ ತಲೆಯಾಡಿಸಿದರು. "ಇಲ್ಲರಿ. ಯಾವನೋ ಮಶೀನಿಗೆ ಕೊಟ್ಟು ತಿಕ್ಕಿಸ್ಯಾನ. ಯಾವ ಹುಚ್ಚ ಮಾಡಿದ್ದಿದು?"

ಮೈದುನ ನನ್ನ ಕಡೆ ತಿರುಗಿದ. "ಭಾವ, ಆಯುಧ ಪೂಜೆಗೆ ಅಂತ ನೀವೇ ಅಲ್ವಾ ಉಲ್ಲಾಸನಗರಕ್ಕೆ ಕೊಂಡುಹೋದದ್ದು?"

ನಾನೇ. ನಮ್ಮ ಹೋಟೆಲುಗಳಲ್ಲಿ ಆಯುಧ ಪೂಜೆಗೆ ರುಬ್ಬುವ ಯಂತ್ರದಿಂದ ಚೂರಿಯವರೆಗೆ ಎಲ್ಲವೂ ಮುಖ ಕಾಣುವಂತೆ ಹೊಳೆಯಬೇಕು. ಆ ಸಾಲಿನಲ್ಲಿ ಪಿಸ್ತೂಲಿಗೂ ಕುಂಕುಮ ಬೀಳುತ್ತಿತ್ತು. ನೆರೆ ಬಂದ ವರ್ಷ ಅದು ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ ಹೆಂಗಸರನ್ನು ಗೇಲಿ ಮಾಡಿ, ಕೆಲಸವೆಂದರೆ ಹೇಗಿರಬೇಕೆಂದು ತೋರಿಸುತ್ತೇನೆ ಎಂದು ಮಶೀನಿನಲ್ಲಿ ಲೋಹ ತಿಕ್ಕಿ ಹೊಳಪು ಕೊಡುವ ಉಲ್ಲಾಸನಗರದ ಬಫಿಂಗ್ ಅಂಗಡಿಗೆ ಕೊಟ್ಟಿದ್ದೆ. ಗೀರುಗಳೆಲ್ಲ ಹೋಗಬೇಕು ಎಂದು ಎದುರು ನಿಂತು ಎರಡು ಸಲ ಹೊಡೆಸಿದ್ದೆ. ಆ ವರ್ಷ ಎಲ್ಲರೂ ನನ್ನನ್ನು ಹೊಗಳಿದ್ದರು.

ನನಗೆ ಬೈಗುಳ ಬೇಕೆನಿಸಿತು. ಅತ್ತೆ ಬೈಯಲಿಲ್ಲ. ಅವರ ಮುಖದಲ್ಲಿ ಇನ್ನೂ ಆಸೆಯಿತ್ತು.

"ಹಾಗಾದ್ರೆ ಒಳ್ಳೆದೇ ಆಯ್ತು. ನೀವು ಫ್ಯಾಕ್ಟ್ರಿಯಲ್ಲಿ ನಂಬ್ರ ನೋಡುವವರಲ್ವಾ. ತಿಕ್ಲಿಕ್ಕೆ ಕೊಡುವ ಮೊದಲು ಓದಿರ್ತೀರಿ. ಎಲ್ಲಿಯಾದ್ರೂ ಬರೆದಿಟ್ಟಿರ್ತೀರಿ."

ಅವರು ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಚೀಲದಿಂದ, ಮಾವನ ವಿವರ ತುಂಬಬೇಕಾಗಿದ್ದ ಸಂಘದ ಫಾರ್ಮನ್ನು ತೆಗೆದು, ಮಡಿಕೆ ಬಿಡಿಸಿ, ಹಿರಿಯರ ಮೇಜಿನ ಮೇಲಿದ್ದ ಪೆನ್ನಿನೊಂದಿಗೆ ನನ್ನ ಮುಂದೆ ಸರಿಸಿದರು.

ನಾನು ಓದಿರಲಿಲ್ಲ.