ತಲೆಕೆಳಗಾಗಿ ತೂಗುವ ಬ್ರೆಡ್

"ತಲೆ ಬಗ್ಗಿಸಿ ಬನ್ನಿ. ಈಗಷ್ಟೇ ತೂಗುಹಾಕಿದೀನಿ."

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಬೇಕರಿಯ ಒಳಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಾಯಿಸಿದ ಕಬ್ಬಿಣದ ಸರಳುಗಳಿಂದ ಕ್ರಿಸ್‌ಮಸ್‌ನ ಸಿಹಿ ಬ್ರೆಡ್ಡುಗಳು ಬಾವಲಿಗಳ ಹಾಗೆ ನೇತಾಡುತ್ತಿವೆ. ಒಲೆಯಿಂದ ತೆಗೆದ ಕೂಡಲೇ ಬುಡಕ್ಕೆ ಉದ್ದ ಸೂಜಿ ಚುಚ್ಚಿ ತಲೆಕೆಳಗು ಮಾಡಬೇಕು. ನೆಟ್ಟಗೆ ಇಟ್ಟರೆ ಬೆಣ್ಣೆ, ಮೊಟ್ಟೆ, ಒಣದ್ರಾಕ್ಷಿಯ ಭಾರಕ್ಕೆ ಬಿಸಿ ಬ್ರೆಡ್ ಕುಸಿದು ಕೂರುತ್ತದೆ. ಅವುಗಳ ಕೆಳಗೆ ಕುಳ್ಳಗಿನ ಹೆಂಗಸೊಬ್ಬರು ಸಲೀಸಾಗಿ ಓಡಾಡುತ್ತಾರೆ. ಬೀದಿಗೆಲ್ಲ ಅವರು ಬ್ರೆಡ್ಡಕ್ಕ.

"ದೇವರು ನನ್ನನ್ನ ಈ ಕೆಲಸಕ್ಕೆ ಅಂತಲೇ ಅಳೆದು ಮಾಡಿದಾನೆ" ಎನ್ನುತ್ತಾರೆ.

ಒಲೆಯ ಬಳಿ ನಿಂತ ಎತ್ತರದ ಗಂಡ ಸರಳು ತಗುಲಿದ ಹಣೆ ಸವರಿಕೊಳ್ಳುತ್ತಾರೆ. "ನನ್ನನ್ನ ಅಳೆಯೋದು ಮರೆತ."

ವರ್ಷವಿಡೀ ಇಲ್ಲಿ ಬನ್ನು, ಸಾದಾ ಬ್ರೆಡ್. ಸಿಹಿ ಬ್ರೆಡ್ ಡಿಸೆಂಬರಿನಲ್ಲಿ ಮಾತ್ರ. ಅದನ್ನು ಉಬ್ಬಿಸುವುದು ಅಂಗಡಿಯ ಯೀಸ್ಟ್ ಅಲ್ಲ, ಬ್ರೆಡ್ಡಕ್ಕನ ಅಮ್ಮ ಬಿಟ್ಟುಹೋದ ಹೆಪ್ಪು: ಹುಳಿ ಬಂದ ಒಂದು ಉಂಡೆ ಹಿಟ್ಟು. ದಿನಾ ಹೊಸ ಹಿಟ್ಟು, ನೀರು ಕೊಟ್ಟು ಸಾಕಿದರೆ ಅದು ಬದುಕಿಯೇ ಇರುತ್ತದೆ. ಅಮ್ಮ ತೀರಿಕೊಂಡಾಗ ಬ್ರೆಡ್ಡಕ್ಕ ಮತ್ತು ಅವರ ಅಕ್ಕ ಅದನ್ನು ಎರಡು ಪಾಲು ಮಾಡಿಕೊಂಡರು. ಮನೆಯೂ ಎರಡಾಯಿತು.

"ಅಕ್ಕನಿಗೆ ವರ್ಷವೆಲ್ಲ ಸಿಹಿ ಬ್ರೆಡ್ ಮಾಡೋ ಆಸೆ. ದಿನಾ ತಿಂದ್ರೆ ಕಾಯೋದಕ್ಕೆ ಏನು ಉಳೀತು ಅಂದೆ. ಹನ್ನೊಂದು ತಿಂಗಳು ಗಾಳಿ ತಿಂದ್ಕೊಂಡಿರು ಅಂದಳು. ಪಾಲು ತಗೊಂಡು ನದಿ ಆಚೆ ಹೋದಳು. ಆಮೇಲೆ ಮಾತೇ ಇಲ್ಲ."

ಈ ಸಲ ಚಳಿ ಹೆಚ್ಚು. ಬ್ರೆಡ್ಡಕ್ಕ ಹೆಪ್ಪಿನ ಪಾತ್ರೆಗೆ ತಮ್ಮ ಶಾಲು ಹೊದಿಸಿ, ಬೆಚ್ಚಗಿರಲಿ ಎಂದು ಆರುತ್ತಿದ್ದ ಒಲೆಯ ಮೇಲಿಟ್ಟು ಮಲಗಿದರು. ಬೆಳಗಾಗುವ ಮೊದಲು ಗಂಡ ಎದ್ದು, ಪಾತ್ರೆ ಗಮನಿಸದೆ, ಎಂದಿನಂತೆ ಒಲೆ ಹೊತ್ತಿಸಿದರು.

"ಶಾಲು ತೆಗೆದ್ರೆ ಒಳಗೆ ಗಟ್ಟಿ ಉಂಡೆ. ಪ್ರೀತಿ ಮಾಡಕ್ಕೆ ಹೋಗಿ ಬೇಯಿಸಿಬಿಟ್ಟೆ."

ಯೀಸ್ಟ್ ಹಾಕಬಹುದಿತ್ತಲ್ಲ, ಎಂದು ಕೇಳುತ್ತೇನೆ.

"ಹಾಕಬಹುದು. ಉಬ್ಬುತ್ತೆ, ಚೆನ್ನಾಗೂ ಇರುತ್ತೆ. ಅಮ್ಮ ಇರಲ್ಲ, ಅಷ್ಟೆ."

ಅಮ್ಮನ ಹೆಪ್ಪು ಉಳಿದಿದ್ದುದು ಒಂದೇ ಕಡೆ. ಬ್ರೆಡ್ಡಕ್ಕ ಬಸ್ಸು ಹತ್ತಿದರು. ನದಿಯಾಚೆಯ ಅಂಗಡಿಯ ಮುಂದೆ ಗಿರಾಕಿಗಳ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಅಕ್ಕ ತಂಗಿಯ ಮುಖ ನೋಡಿದಳು. ಅಕ್ಕನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.

"ಒಲೆ ಮೇಲೆ ಇಟ್ಟಿದ್ಯಾ?"

"ಹೂಂ."

"ನಾನೂ ಒಂದ್ಸಲ ಇಟ್ಟಿದ್ದೆ. ಒಂಚೂರು ಬೇರೆ ತೆಗೆದಿಟ್ಟಿದ್ದೆ, ಬಚಾವಾದೆ. ನಿನಗೆ ಆ ಬುದ್ಧಿ ಎಲ್ಲಿಂದ ಬರಬೇಕು."

ಅಕ್ಕ ಒಂದು ಉಂಡೆ ಮುರಿದು ಬಟ್ಟೆಯಲ್ಲಿ ಬಿಗಿದು ಕೊಟ್ಟಳು. ಹಿಂದಿದ್ದ ಗಿರಾಕಿ ಗೊಣಗಿದ. ಅಷ್ಟಕ್ಕೇ ಭೇಟಿ ಮುಗಿಯಿತು. ಬಸ್ಸಿನಲ್ಲಿ ಮಡಿಲ ಬಿಸಿಗೆ ಹೆಪ್ಪು ಉಬ್ಬಿ ಗಂಟಿನಿಂದ ಹೊರಗೆ ಇಣುಕಿತಂತೆ. "ಪಕ್ಕದಲ್ಲಿದ್ದೋರು ಗಾಬರಿಯಾಗಿ ಎದ್ದು ಬೇರೆ ಸೀಟಿಗೆ ಹೋದ್ರು. ನಾನು ಆರಾಮಾಗಿ ಕೂತ್ಕೊಂಡು ಬಂದೆ."

ತಲೆಯ ಮೇಲೆ ತೂಗುತ್ತಿರುವುದೆಲ್ಲ ಆ ಉಂಡೆಯ ಸಂತಾನ. ಒಂದನ್ನು ಇಳಿಸಿ ಕತ್ತರಿಸಿ ನನಗೆ ಕೊಡುತ್ತಾರೆ. ತಾವು ತಿನ್ನುವುದಿಲ್ಲ. ಇಡೀ ದಿನ ಇದರ ವಾಸನೆಯಲ್ಲೇ ಇದ್ದು ನಾಲಿಗೆ ಸತ್ತುಹೋಗಿದೆಯಂತೆ.

"ನಾನು ಮಾಡಿದ್ದು ನನಗೆ ರುಚಿಸಲ್ಲ. ಅವಳು ಮಾಡಿದ್ದು ಅವಳಿಗೆ ರುಚಿಸಲ್ಲ ಅಂತ ನನಗೆ ಗೊತ್ತು. ಹಬ್ಬದ ದಿನ ನನಗೆ ಅವಳದೊಂದು ತರಲಿ, ಅವಳು ನಂದೊಂದು ತಿನ್ನಲಿ. ಇಲ್ಲೇ ಕೂತು."

ಕರೆದಿದ್ದೀರಾ?

"ನಿನ್ನೆ ಫೋನ್ ಮಾಡಿದ್ದೆ." ಕೈಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಾರೆ. "ಅಂಗಡಿ ಯಾರು ನೋಡ್ಕೋತಾರೆ ಅಂದಳು. ಬರಲ್ಲ ಅನ್ನಲಿಲ್ಲ, ನೋಡಿ."